ಹಗ್ಗದ ಆ ತುದಿ

ಹಗ್ಗ ಹೊಸೆಯುವ ಕೆಲಸಕ್ಕೆ ಇಬ್ಬರು ಬೇಕು. ಈ ತುದಿಯವಳು ಹುರಿ ಹಾಕುತ್ತ ಹೋದ ಹಾಗೆ ಆ ತುದಿಯವಳು ಬಿಗಿ ನೋಡಿಕೊಂಡು ಒಂದಿಷ್ಟು ಸಡಿಲ ಬಿಡಬೇಕು, ಒಂದಿಷ್ಟು ಜಗ್ಗಬೇಕು. ಆ ಮನೆಯ ಹಿರಿಸೊಸೆಗೆ ಎದುರಾಗಿ ಇಷ್ಟು ವರ್ಷ ನಿಂತವಳು ಅವಳ ವಾರಗಿತ್ತಿ. ಹಿತ್ತಿಲ ಗೋಡೆಯ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟು, ಕಿರಿಯವನು ಹೆಂಡತಿಯನ್ನು ಕರೆದುಕೊಂಡು ಬೇರೆ ಊರಿಗೆ ಹೋದ ಮೇಲೆ ಹಿರಿಸೊಸೆ ಆ ತುದಿಯನ್ನು ಕಂಬಕ್ಕೆ ಕಟ್ಟುತ್ತಿದ್ದಳು. ಕಂಬ ಜಗ್ಗುವುದೂ ಇಲ್ಲ, ಬಿಡುವುದೂ ಇಲ್ಲ. ಮನೆಯಲ್ಲಿ ಹೋದವಳ ಸುದ್ದಿ ಎತ್ತುವವರೂ ಇರಲಿಲ್ಲ.

ಆ ಬೆಳಿಗ್ಗೆ ಆಸ್ಪತ್ರೆಯ ನರ್ಸು ಫೋನು ಹಿಡಿದು ಮತ್ತೆ ಬಂದಳು.

"ಹೋದ ಸಲ ಕೇಳಿದ್ದನ್ನೇ ಕೇಳ್ತೀನಿ ಅಕ್ಕ, ಮನಸ್ಸಿನ ಆರೋಗ್ಯದ ಪ್ರಶ್ನೆ. ಎರಡು ಸಲದ ಉತ್ತರವೂ ಒಂದಕ್ಕೊಂದು ಹೊಂದಿದ್ರೆ ಈ ಆನ್‌ಲೈನ್ ಪ್ರಶ್ನೆಗಳನ್ನ ನಂಬಬಹುದು ಅಂತಾರೆ ಡಾಕ್ಟರು. ಆಮೇಲೆ ನಾನು ಬರೋದೇ ಬೇಡ, ನೀವೇ ಫೋನಲ್ಲಿ ಒತ್ತಿದ್ರೆ ಆಯ್ತು."

"ಅವತ್ತು ಹೇಳಿದ್ದನ್ನೇ ಹಾಕ್ಕೋ ತಾಯಿ. ಆಡಿದ ಮಾತು ಬದಲಾಯಿಸೋ ಮನೆ ಅಲ್ಲ ಇದು," ಅಂದಳು ಹಿರಿಸೊಸೆ.

ಜಗುಲಿಯಲ್ಲಿ ನಾರು ಬಿಡಿಸುತ್ತಿದ್ದ ಅತ್ತೆ, "ನನ್ನದೂ ಎಲ್ಲಾ ಇಲ್ಲ, ಇಲ್ಲ. ಈ ವಯಸ್ಸಿಗೆ ಮನಸ್ಸಿನ ನೋವೆಲ್ಲ ಮೊಣಕಾಲಿಗೆ ಇಳಿದಿರುತ್ತೆ," ಅಂದಳು.

ನರ್ಸು ನಕ್ಕಳು. "ಊರಿಡೀ ಹೀಗೇ. ಮೊದಲು ಹೇಳಿದ್ದನ್ನ ಬಾಯಿಪಾಠ ಮಾಡಿ ಒಪ್ಪಿಸ್ತಾರೆ. ಎಷ್ಟು ಚೆನ್ನಾಗಿ ಹೊಂದ್ತು ಅಂತ ಡಾಕ್ಟರಿಗೆ ಖುಷಿ. ನಂಗೇ ಯಾಕೋ ಸಮಾಧಾನ ಇಲ್ಲ. ಇವತ್ತು ಅನ್ನಿಸಿದ್ದು ಹೇಳಿ ಅಕ್ಕ."

"ಹಾಗಾದ್ರೆ ಸುಮ್ನೆ ನಿಲ್ಲಬೇಡ. ಇದನ್ನ ಹಿಡ್ಕೊಂಡು ಕೇಳು, ಕಂಬದಿಂದ ಜಾರ್ತಾ ಇದೆ."

ನರ್ಸು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಹಗ್ಗದ ತುದಿ ಹಿಡಿದು ನಿಂತಳು.

"ನಿದ್ದೆ ಕೆಡುತ್ತಾ?"

"ಇಲ್ಲ."

"ಊಟ ಸೇರುತ್ತಾ?"

"ಸೇರದೆ ಏನು."

"ಒಂಟಿ ಅನ್ನಿಸುತ್ತಾ?"

"ಮನೆ ತುಂಬ ಜನ ಇಟ್ಕೊಂಡು ಎಂಥ ಒಂಟಿ?"

ಉತ್ತರ ಒತ್ತಲು ಹೋದ ನರ್ಸಿನ ಕೈಯಿಂದ ಹಗ್ಗ ಜಾರಿತು. ಗಾಬರಿಯಾಗಿ ಅವಳು ಅದನ್ನು ಗಬಕ್ಕನೆ ಜಗ್ಗಿದಳು. ಆ ಜಗ್ಗು ಹಗ್ಗದುದ್ದಕ್ಕೂ ಓಡಿ ಬಂದು ಹಿರಿಸೊಸೆಯ ಅಂಗೈ ಮುಟ್ಟಿತು. ವಾರಗಿತ್ತಿ ಹೀಗೇ ಮಾಡುತ್ತಿದ್ದಳು. ಹಿರಿಯವಳು ಮಂಕಾಗಿ ನಿಂತಾಗಲೆಲ್ಲ, 'ಅಕ್ಕಾ, ಎಲ್ಲಿದ್ದೀ?' ಅನ್ನುವಂತೆ ಒಂದು ಜಗ್ಗು.

ಹುರಿ ಹಾಕುತ್ತಿದ್ದ ಕೈ ನಿಂತಿತು.

"ತಿದ್ದಬಹುದಾ?"

"ಯಾವುದನ್ನ ಅಕ್ಕ?"

"ಅದೇ, ಒಂಟಿ ಅಂದ್ಯಲ್ಲ, ಅದನ್ನ. ಅವತ್ತು ಅತ್ತೆ ಎದುರಿಗಿದ್ರು, ಬಾಯಿ ಬರಲಿಲ್ಲ. ಇವತ್ತೂ ಇದ್ದಾರೆ. ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಳಲಿ. ಅನ್ನಿಸುತ್ತೆ. ಈ ಹಗ್ಗ ಕೈಗೆ ತಗೊಂಡಾಗಲೆಲ್ಲ ಅನ್ನಿಸುತ್ತೆ."

ಜಗುಲಿಯಲ್ಲಿ ನಾರಿನ ಸದ್ದು ನಿಂತಿತು. ಇನ್ನೇನು ಸಿಡಿಲು ಬೀಳುತ್ತದೆ ಎಂದು ಸೊಸೆ ತಲೆ ತಗ್ಗಿಸಿದಳು.

"ನನ್ನದನ್ನೂ ತಿದ್ದು," ಅಂದಳು ಅತ್ತೆ. "ಅವಳು ಹೋದ ಮೇಲೆ ನನಗೆ ಎದುರುತ್ತರ ಕೊಡೋ ಗಂಡೆದೆ ಈ ಮನೇಲಿ ಯಾರಿಗೂ ಇಲ್ಲ."

"ನಮ್ಮಿಬ್ಬರದೂ ಕೆಟ್ಟುಹೋಯ್ತಲ್ಲ, ಡಾಕ್ಟರಿಗೆ ಏನಂತೀಯ?" ಸೊಸೆ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಹೊಂದಲಿಲ್ಲ ಅಂತೀನಿ," ಅಂದಳು ನರ್ಸು.

ಅವಳು ಹೊರಟ ಮೇಲೆ ಸೊಸೆ ತುದಿಯನ್ನು ಮತ್ತೆ ಕಂಬಕ್ಕೆ ಸುತ್ತಲು ಹೋದಳು. ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಅದನ್ನು ಕಿತ್ತುಕೊಂಡಳು. "ಜೋರಾಗಿ ಎಳೀಬೇಡ, ಹಾರಿಹೋದೇನು."

ಮುದಿ ಕೈಯ ಬಿಗಿ ನಡುಗುತ್ತ, ತಡವಾಗಿ ಬರುತ್ತಿತ್ತು. ಬರಬೇಕಾದ ಕೈ ಅದಲ್ಲ. ಆದರೂ ಕಂಬವಂತೂ ಅಲ್ಲ. ಸೊಸೆ ಅತ್ತೆಯ ಭುಜದಾಚೆ ಖಾಲಿ ಬೀದಿಯನ್ನು ನೋಡುತ್ತ ಹುರಿ ಹಾಕಿದಳು.

ಸ್ವಲ್ಪ ಹೊತ್ತಿಗೆ ಅತ್ತೆ, ಹಗ್ಗದ ಕಡೆಗೇ ನೋಡುತ್ತ, ಕೇಳಿದಳು:

"ಅವಳ ನಂಬರು ಇಟ್ಕೊಂಡಿದ್ದೀಯೇನೇ?"

"ಬಾಯಿಪಾಠ ಇದೆ ಅತ್ತೆ."