ಗಾಜು ಹೊರುವಾಗ ಮಾತಾಡಬಾರದು

ಕನ್ನಡಿ ಕೊಳ್ಳಲು ಬಂದಿದ್ದ ಹೆಂಗಸು ತಮಾಷೆಗೆಂದು, "ನಿಮ್ಮ ಕನ್ನಡಿ ನನ್ನನ್ನ ದಪ್ಪ ತೋರಿಸ್ತಿದೆಯಲ್ರೀ," ಎಂದಳು. ಗಾಜು ಕತ್ತರಿಸುತ್ತಿದ್ದ ಅಣ್ಣ ತಲೆ ಎತ್ತಿ, ಕಿಟಕಿಗೆ ಅಳತೆ ತೆಗೆಯುವವನ ಹಾಗೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ಕನ್ನಡಿ ಸರಿಯಾಗೇ ಇದೆ. ನೀವೇ ದಪ್ಪ ಇದೀರಿ," ಎಂದ.

ಹೆಂಗಸು ಬಂದ ದಾರಿ ಹಿಡಿದಳು. ತಮ್ಮನ ಮೈ ಉರಿದುಹೋಯಿತು.

"ಯಾಕೆ ಹಾಗಂದೆ?"

"ಕೇಳಿದ್ರು, ಹೇಳ್ದೆ."

"ಕೇಳಲಿಲ್ಲ ಕಣೋ. ತಮಾಷೆ ಮಾಡಿದ್ರು."

"ನಗಲಿಲ್ವಲ್ಲ ಅವರು," ಎಂದು ಅಣ್ಣ ಮತ್ತೆ ಗಾಜಿನ ಮೇಲೆ ಬಗ್ಗಿದ. ಅವನು ಎಳೆದ ಗೆರೆ ಎಂದಿನಂತೆ ನೂಲು ಹಿಡಿದಷ್ಟು ನೇರವಾಗಿತ್ತು. ತಮ್ಮನ ಹೊಟ್ಟೆ ಉರಿಸುತ್ತಿದ್ದದ್ದು ಅದೇ. ಇಷ್ಟು ನೇರವಾಗಿ ಗೆರೆ ಎಳೆಯುವವನ ತಲೆ ಕೆಟ್ಟಿದೆ ಎಂದರೆ ನಂಬುವುದಾದರೂ ಹೇಗೆ?

ಚಳಿಗಾಲದಲ್ಲಿ ಅಣ್ಣನ ಮೆದುಳಿನ ಬಲಭಾಗದಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತು. ಆಸ್ಪತ್ರೆಯಿಂದ ನಡೆದುಕೊಂಡೇ ಮನೆಗೆ ಬಂದ. ಕೈ ನಡುಗಲಿಲ್ಲ, ನಾಲಿಗೆ ತೊದಲಲಿಲ್ಲ, ಬಾಯಿಲೆಕ್ಕ ತಪ್ಪಲಿಲ್ಲ. ಎದುರಿಗಿರುವವರು ನೊಂದಿದ್ದಾರೋ, ನಗೆಯಾಡುತ್ತಿದ್ದಾರೋ, ಸುಳ್ಳು ಹೇಳುತ್ತಿದ್ದಾರೋ ಎಂಬುದು ಮಾತ್ರ ಅವನಿಗೆ ತಿಳಿಯದಾಗಿದೆ ಎಂದು ಅತ್ತಿಗೆ ಹೇಳುತ್ತಿದ್ದಳು. ತಮ್ಮ ಅದನ್ನು ಒಪ್ಪಿರಲಿಲ್ಲ. ಅಂಗಡಿ ಇಬ್ಬರದು. ರೋಗವಾದರೆ ಹಲ್ಲು ಕಚ್ಚಿ ಸಹಿಸಿಕೊಳ್ಳಬೇಕು. ದ್ವೇಷವಾದರೆ ಪಾಲು ಮಾಡಿಕೊಂಡು ಬೇರೆಯಾಗಬೇಕು ಎಂದು ಅತ್ತಿಗೆಯ ಎದುರೂ ಅಂದಿದ್ದ. ಎರಡರಲ್ಲಿ ಯಾವುದು ಎಂದು ತಿಳಿಯದೆ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ದ್ವೇಷವೇ ಇರಬೇಕು ಎನ್ನಲು ಅವನ ಬಳಿ ಕಾರಣವಿತ್ತು. ಅಪ್ಪ ವಜ್ರದ ಮೊನೆಯ ಕಟ್ಟರ್ ಕೊಟ್ಟಿದ್ದು ಅಣ್ಣನ ಕೈಗೆ. ತಮ್ಮನಿಗೆ ಸಿಕ್ಕಿದ್ದು ಹೊರುವ ಕೆಲಸ. ಹಟ ಹಿಡಿದು ಅವನೂ ಕತ್ತರಿಸಲು ಕಲಿತ. ಅಣ್ಣ ಅಷ್ಟು ವರ್ಷ ಆ ಕೆಲಸದ ಬಗ್ಗೆ ಒಂದು ಮಾತು ಆಡಿದವನಲ್ಲ. ಈಗ ಹೋಟೆಲ್ ಮ್ಯಾನೇಜರ್ ದೊಡ್ಡ ಆರ್ಡರ್ ತಂದಾಗ, ತಮ್ಮ ಪಕ್ಕದಲ್ಲೇ ನಿಂತಿರುವಾಗ, "ಇವನಿಗೆ ಕೊಡಬೇಡಿ, ಅಂಚು ಸೊಟ್ಟ ಬರುತ್ತೆ. ಹಿಂದಿಂದ ನಾನೇ ತಿದ್ಕೊಂಡು ಬಂದಿದೀನಿ," ಎಂದುಬಿಟ್ಟ. ಹೊಟ್ಟೆಯೊಳಗೆ ಇಟ್ಟುಕೊಂಡಿದ್ದದ್ದು ಬಾಯಿಗೆ ಬಂದಿದೆ, ರೋಗ ಬರೀ ನೆಪ ಎಂದು ತಮ್ಮ ಆ ದಿನವೇ ತೀರ್ಮಾನಿಸಿದ್ದ.

ಅತ್ತಿಗೆ ಬಲವಂತದಿಂದ ಅವನನ್ನೂ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರಮ್ಮ ಅಣ್ಣನಿಗೆ ಒಂದು ಕತೆ ಹೇಳಿದರು. "ಒಬ್ಬ ಕೆಲಸಗಾರ ತನ್ನ ಕೈಗವಸು ಕಪಾಟಿನಲ್ಲಿಟ್ಟು ಹೊರಗೆ ಹೋಗ್ತಾನೆ. ಅವನು ಇಲ್ಲದಾಗ ಇನ್ನೊಬ್ಬ ಬಂದು ಅದನ್ನ ಮೇಜಿನ ಕೆಳಗೆ ಇಡ್ತಾನೆ. ಮೊದಲನೆಯವನು ವಾಪಸ್ ಬಂದ. ಕೈಗವಸನ್ನ ಎಲ್ಲಿ ಹುಡುಕ್ತಾನೆ?"

"ಮೇಜಿನ ಕೆಳಗೆ."

"ಅಲ್ಲಿದೆ ಅಂತ ಅವನಿಗೆ ಹೇಗೆ ಗೊತ್ತಾಯ್ತು?"

"ಅಲ್ಲೇ ಇದೆಯಲ್ಲ," ಎಂದ ಅಣ್ಣ, ಡಾಕ್ಟರಮ್ಮನ ದಡ್ಡತನಕ್ಕೆ ಮರುಗುವವನ ಹಾಗೆ.

ಡಾಕ್ಟರಮ್ಮ ತಮ್ಮನ ಕಡೆ ತಿರುಗಿದರು. "ಬೇಕೂಂತ ಮಾಡ್ತಿಲ್ಲ ಇವರು. ಇನ್ನೊಬ್ಬರ ತಲೆಯಲ್ಲಿ ಏನಿದೆ ಅಂತ ಊಹಿಸೋ ಶಕ್ತಿಗೆ ಪೆಟ್ಟು ಬಿದ್ದಿದೆ. ನಿಮ್ಮ ಮನಸ್ಸಲ್ಲಿರೋದನ್ನ ಇವರ ಹತ್ತಿರ ಬಾಯಿಬಿಟ್ಟು ಹೇಳಬೇಕು."

ಮೆಟ್ಟಿಲು ಇಳಿಯುವಾಗ ತಮ್ಮ ಅತ್ತಿಗೆಯನ್ನು ತಡೆದ. "ಸ್ಕೂಲಿಗೆ ಹೋಗೋ ಮಕ್ಕಳು ಹೇಳ್ತಾರೆ ಇದಕ್ಕೆ ಉತ್ತರ. ಚೆನ್ನಾಗಿ ನಾಟಕ ಆಡ್ತಾನೆ ನಿಮ್ಮ ಗಂಡ."

"ನಾಟಕ ಆಡೋನಿಗೆ ನೋಡೋರು ಏನಂದ್ಕೋತಾರೆ ಅನ್ನೋದು ಗೊತ್ತಿರಬೇಕು ಕಣಯ್ಯ. ಅದೇ ಹೋಗಿದೆ ಅವರಿಗೆ. ನಿನಗೇನಾಗಿದೆ?"

"ನಿಮಗೆ ಅವನು ಹೇಳಿದ್ದೇ ವೇದ."

"ನಿನಗೆ ನಿನ್ನ ಹೊಟ್ಟೆಕಿಚ್ಚೇ ವೇದ," ಎಂದು ಅವಳು ದುಡುದುಡು ಇಳಿದುಹೋದಳು.

ದೊಡ್ಡ ಗಾಜನ್ನು ಇಬ್ಬರು ಹೊರುವಾಗ ಮಾತಾಡಬಾರದು ಎಂಬುದು ಅವರ ಅಂಗಡಿಯ ಕಟ್ಟಳೆ. ಮಾತು ಬಂದರೆ ಗಮನ ಬಾಯಿಗೆ ಹೋಗುತ್ತದೆ ಎಂದು ಅಪ್ಪ ಗದರುತ್ತಿದ್ದ. ಗಾಜನ್ನು ಅಂಚಿನ ಮೇಲೆ ನಿಲ್ಲಿಸಿ, ಆ ತುದಿಗೊಬ್ಬ ಈ ತುದಿಗೊಬ್ಬ ಹಿಡಿದು, ಒಬ್ಬರ ಮುಖ ಒಬ್ಬರು ನೋಡುತ್ತ ನಡೆಯಬೇಕು. ಕೈತಪ್ಪಿದ ಗಾಜನ್ನು ಹಿಡಿಯಲು ಹೋಗಬಾರದು. ಬಿಟ್ಟು ಹಿಂದಕ್ಕೆ ಹಾರಬೇಕು. ಇಷ್ಟು ವರ್ಷಗಳಲ್ಲಿ ಒಂದು ಗಾಜೂ ಅವರ ಕೈತಪ್ಪಿರಲಿಲ್ಲ. ತಮ್ಮನ ತೋಳು ಸೋಲುತ್ತಿದೆ ಎಂಬುದು ತಮ್ಮನಿಗೆ ಗೊತ್ತಾಗುವ ಮುಂಚೆ ಅಣ್ಣನಿಗೆ ಗೊತ್ತಾಗುತ್ತಿತ್ತು. ಅಂಥವನ ಹತ್ತಿರ ಬಾಯಿಬಿಟ್ಟು ಹೇಳಬೇಕಂತೆ. ತಮ್ಮನಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಕಾಣಲಿಲ್ಲ. ಕಾಯಿಲೆ ಬಂದ ಮೇಲೆ ಇಬ್ಬರೂ ಜೊತೆಯಾಗಿ ಗಾಜು ಹೊತ್ತಿರಲಿಲ್ಲ; ಅತ್ತಿಗೆ ಬಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಹಿಂದಿನ ಅಂಗಳದಲ್ಲಿ ಮೂಲೆಗೆ ಒರಗಿಸಿದ್ದ, ಬಿರುಕು ಬಿಟ್ಟ ಒಂದು ದೊಡ್ಡ ಗಾಜನ್ನು ತೋರಿಸಿದ. "ಅಣ್ಣ, ಇದನ್ನ ಗೇಟಿನ ಹತ್ತಿರ ಇಡೋಣ, ಹಿಡ್ಕೋ." ಅಣ್ಣ ಮರುಮಾತಿಲ್ಲದೆ ಬಂದ. ಕೈಗವಸು ಹಾಕಿಕೋ ಎಂದು ತಮ್ಮ ಹೇಳಲಿಲ್ಲ.

ಲೆಕ್ಕಾಚಾರ ಸರಳವಾಗಿತ್ತು. ಅಂಗಳದ ನಡುವೆ ತಾನು ಗಾಜು ಬಿಡುತ್ತೇನೆ. ಬಿಡುವ ಮುಂಚೆ ಅದು ಮುಖದಲ್ಲಿ ಕಂಡೇ ಕಾಣುತ್ತದೆ, ಹಿಂದೆಲ್ಲ ಕಂಡಂತೆ. ನಾಟಕವಾದರೆ ಜೀವಭಯಕ್ಕೆ ಅಣ್ಣ ಹಾರುತ್ತಾನೆ, ಬಣ್ಣ ಬಯಲಾಗುತ್ತದೆ. ನಾಟಕವಲ್ಲದಿದ್ದರೆ ಏನಾಗುತ್ತದೆ ಎಂಬ ಕಡೆಗೆ ಅವನು ಲೆಕ್ಕವನ್ನು ಒಯ್ದಿರಲಿಲ್ಲ.

ನಡು ಅಂಗಳ ಬಂತು. ತಮ್ಮ ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ, ಕಣ್ಣಲ್ಲೇ 'ಬಿಡ್ತಿದೀನಿ' ಎಂದ. ಅಣ್ಣ ನೆಟ್ಟ ನೋಟದಿಂದ ಅವನ ಮುಖವನ್ನೇ ನೋಡುತ್ತಿದ್ದ. ತಮ್ಮ ಕೈಬಿಟ್ಟು ಹಾರಿದ.

ಅಣ್ಣ ಹಾರಲಿಲ್ಲ. ಇದ್ದಕ್ಕಿದ್ದಂತೆ ಬಂದ ಭಾರವನ್ನು ತಡೆಯಲು ಹೋಗಿ ಗಾಜನ್ನು ಇನ್ನೂ ಬಿಗಿಯಾಗಿ ಹಿಡಿದ. ಆಚೆ ಮೂಲೆ ನೆಲಕ್ಕೆ ಬಡಿಯಿತು, ಬಿರುಕಿನುದ್ದಕ್ಕೂ ಗಾಜು ಸೀಳಿತು, ಮೇಲಿನ ತುಂಡು ಅವನ ಬಲಗೈಯ ಮಣಿಕಟ್ಟಿನ ಮೇಲೆ ಜಾರಿತು.

"ಮುಖ ನೋಡ್ಲಿಲ್ವಾ ನೀನು?" ತಮ್ಮ ಕಿರುಚಿದ. ಅವನ ದನಿಯಲ್ಲಿ ಇನ್ನೂ ಸಿಟ್ಟೇ ಇತ್ತು.

"ನೋಡ್ದೆ," ಎಂದ ಅಣ್ಣ, ಚಿಮ್ಮುತ್ತಿದ್ದ ರಕ್ತವನ್ನು ಎಡಗೈಯಿಂದ ಒತ್ತಿ ಹಿಡಿದು. "ಮೂಗಿನ ಮೇಲೆ ಬೆವರಿತ್ತು."

ಆಸ್ಪತ್ರೆಯಲ್ಲಿ ಹೆಬ್ಬೆರಳಿನ ಸ್ನಾಯುರಜ್ಜು ತುಂಡಾಗಿದೆ ಎಂದರು. ಹೊಲಿದಿದ್ದರೂ ಕಟ್ಟರ್ ಒತ್ತುವಷ್ಟು ಬಲ ಮತ್ತೆ ಬರುತ್ತದೆಂದು ಹೇಳಲು ಯಾರೂ ಸಿದ್ಧರಿರಲಿಲ್ಲ. ಅತ್ತಿಗೆ ಬರುವಾಗ ಅಣ್ಣ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ, ತಮ್ಮ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ.

"ಇವನ ಕೈ ಜಾರ್ತು," ಎಂದು ಅಣ್ಣನೇ ವರದಿ ಒಪ್ಪಿಸಿದ. "ಬಿಡಬೇಕಿತ್ತು, ನಾನು ಹಿಡ್ಕೊಂಡೆ. ತಪ್ಪು ನಂದೇ."

ಅತ್ತಿಗೆ ಗಂಡನ ಕೈ ನೋಡಲಿಲ್ಲ. ಮೈದುನನನ್ನು ನೋಡಿದಳು. "ಕೈ ಜಾರ್ತಾ?"

"ಹೂಂ."

"ತಲೆ ಎತ್ತಿ ಹೇಳು."

ತಮ್ಮ ತಲೆ ಎತ್ತಲಿಲ್ಲ. ಬೇಕಾಗಿದ್ದ ಉತ್ತರ ಅವನಿಗೆ ಸಿಕ್ಕಿತ್ತು. ಅಣ್ಣನ ಮನಸ್ಸಿನಲ್ಲಿ ದ್ವೇಷದ ಕಸ ಏನೂ ಇರಲಿಲ್ಲ. ಅಂಚು ಸೊಟ್ಟ ಎಂದರೆ ಅಂಚು ಸೊಟ್ಟ, ಅಷ್ಟೇ. ಇಷ್ಟು ದಿನ ತಾನು ಓದಿದ್ದು ಅಣ್ಣನ ಮುಖವನ್ನಲ್ಲ.

"ಹೊರಡು," ಎಂದಳು ಅತ್ತಿಗೆ, ದನಿ ಏರಿಸದೆ. "ಅಂಗಡಿ ಪಾಲಾಗಬೇಕು ಅಂತಿದ್ದೆಯಲ್ಲ, ಆಗಲಿ. ಇವರ ಕಣ್ಣೆದುರು ಮತ್ತೆ ಬಂದರೆ ನಾನು ಸೀದಾ ಪೊಲೀಸರ ಹತ್ತಿರ ಹೋಗ್ತೀನಿ."

ಅಣ್ಣ ಒಬ್ಬರಿಂದ ಒಬ್ಬರಿಗೆ ಕಣ್ಣಾಡಿಸಿದ. "ಪೊಲೀಸ್ ಯಾಕೆ? ಹೋಟೆಲಿಗೆ ಕನ್ನಡಿ ಹಾಕೋದಿದೆ. ಇವನಷ್ಟು ಚೆನ್ನಾಗಿ ಹೊರೋರು ಇಲ್ಲ."

"ಅಣ್ಣ, ನಾನು ಬೇಕೂಂತಲೇ—" ಎಂದು ತಮ್ಮ ಬಾಯಿ ತೆರೆದ.

"ಮುಚ್ಚು ಬಾಯಿ," ಎಂದಳು ಅತ್ತಿಗೆ. "ನಿನ್ನ ಎದೆ ಹಗುರ ಮಾಡ್ಕೊಳ್ಳೋಕೆ ಅವರಿಗೆ ಅದನ್ನೂ ಹೊರಿಸಬೇಡ."

ತಮ್ಮ ಬಾಗಿಲ ಕಡೆ ನಡೆದ.

"ಎಲ್ಲಿಗೆ ಹೊರಟ ಇವನು?" ಎಂದು ಅಣ್ಣ ಕೇಳಿದ್ದು ಅವನ ಬೆನ್ನಿಗೆ ತಾಕಿತು.

"ಬೇರೆ ಊರಲ್ಲಿ ಕೆಲಸ ಸಿಕ್ಕಿದೆಯಂತೆ ರೀ."

"ಹೌದಾ? ಒಳ್ಳೇದಾಯ್ತು," ಎಂದ ಅಣ್ಣ.