ಮೊದಲನೇ ಮೊಳೆಯ ಕೀ

ಹುಟ್ಟಿದಾಗ ನಾನು ಅಳುವ ಮೊದಲು ಸೂಲಗಿತ್ತಿಯ ಕೈ ತಿರುಗಿಸಿ ನೋಡಿರಬೇಕು, ಏನಾದರೂ ಬಚ್ಚಿಟ್ಟುಕೊಂಡಿದ್ದಾಳೋ ಎಂದು. ಹೀಗೆ ಹೇಳುವವಳು ನನ್ನ ಹೆಂಡತಿ. ಹೇಳಲಿ. ಹದಿನಾಲ್ಕು ವರ್ಷ ಬೇರೆಯವರ ಲಾರಿ ಓಡಿಸಿದವನು ನಾನು. ಡೀಸೆಲ್ ಕದ್ದೆ ಎಂದು ಮಾಲೀಕನಿಂದ ಹತ್ತು ಜನರ ಎದುರು ಬೈಸಿಕೊಂಡಿದ್ದೇನೆ. ಕದ್ದವನು ಅವನ ಸ್ವಂತ ತಮ್ಮ. ಆಮೇಲೆ ಹೇಗೋ ಒಂದು ಹಳೆಯ ಗಾಡಿ ಕೊಂಡು ನನ್ನ ಸೀಟಿನಲ್ಲಿ ನಾನೇ ಕೂತೆ. ಅವತ್ತಿನಿಂದ ನನಗಿರುವುದು ಒಂದೇ ಭಯ: ಈ ಗಾಡಿ ಕೈಬಿಟ್ಟು ಮತ್ತೆ ಇನ್ನೊಬ್ಬನ ಗಾಡಿ ಓಡಿಸುವ ದಿನ ಬಂದೀತು ಎಂಬುದು.

ಇಟ್ಟಿಗೆ, ಜಲ್ಲಿ ಹೊತ್ತುಕೊಂಡೇ ಗಾಡಿ ಉಳಿಸಿಕೊಳ್ಳಲು ಆಗುವುದಿಲ್ಲ. ಊರಾಚೆಯ ಗಾಜಿನ ಕಾರ್ಖಾನೆಯ ಲೋಡು ಎರಡು ತಿಂಗಳಿಗೊಂದಾದರೂ ಸಿಗಬೇಕು. ಅದಕ್ಕೆ ಸಿಗುವ ಬಾಡಿಗೆ ಬೇರೆ ಯಾವುದಕ್ಕೂ ಇಲ್ಲ. ಮೊದಲು ನಾವೆಲ್ಲ ಆ ಗೇಟಿನ ಮುಂದೆ ನಿಂತು, ಒಬ್ಬನಿಗಿಂತ ಒಬ್ಬ ಕಡಿಮೆ ಹೇಳಿ, ಕೊನೆಗೆ ಬ್ರೋಕರ್ ಎಸೆದದ್ದನ್ನು ತಿನ್ನುತ್ತಿದ್ದೆವು. ಇಬ್ಬರ ಜಗಳ ಮೂರನೆಯವನಿಗೆ ಲಾಭ. ಕಳೆದ ವರ್ಷ ಮೇಷ್ಟ್ರು ಎಲ್ಲರನ್ನೂ ಕೂರಿಸಿದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ನಮ್ಮ ಹಾಗೆಯೇ ಒಂದು ಗಾಡಿ ಇಟ್ಟುಕೊಂಡವರು. ಎದುರಿಗೆ ಸಿಕ್ಕವರನ್ನೆಲ್ಲ ತಿದ್ದುವ ಚಟ ಇದ್ದುದರಿಂದ ಆ ಹೆಸರು ಬಂತು.

ನಾವು ನಾಲ್ಕು ಗಾಡಿಯವರು: ಮೇಷ್ಟ್ರು, ಗಂಡ ಹೋದ ಮೇಲೆ ಅವನ ಲಾರಿಯನ್ನು ತಾನೇ ಓಡಿಸುವ ಅಕ್ಕ, ನಾವು ದಪ್ಪ ಎಂದೇ ಕರೆಯುವವನು, ಮತ್ತೆ ನಾನು. ನನಗೆ ಅವರಿಟ್ಟ ಹೆಸರು ಪತ್ತೇದಾರ. ಕಾರ್ಖಾನೆಯವರಿಗೆ ಒಂದೇ ಫೋನ್ ನಂಬರು, ಮೇಷ್ಟ್ರದು; ಒಂದೇ ದರ; ಲೋಡು ಸರದಿಯಂತೆ. ಪಂಕ್ಚರ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಒಂದು ಹಲಗೆ, ಅದರಲ್ಲಿ ನಾಲ್ಕು ಮೊಳೆ. ಪ್ರತಿ ಮೊಳೆಗೂ ಒಂದೊಂದು ಗಾಡಿಯ ಡೂಪ್ಲಿಕೇಟ್ ಕೀ. ಮೊದಲನೇ ಮೊಳೆಯಲ್ಲಿ ಯಾರ ಕೀ ಇದೆಯೋ ಮುಂದಿನ ಲೋಡು ಅವರದು. ಯಾವ ಲೋಡು ಹೊತ್ತರೂ ಅದು ಕೊನೆಯ ಮೊಳೆಗೆ.

ನಿಜವಾದ ಡೂಪ್ಲಿಕೇಟ್ ಕೀಯೇ ಯಾಕೆ ಎಂದರೆ, ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಖಾನೆಯ ಗೇಟು ಮುಚ್ಚುತ್ತದೆ. ಅಷ್ಟರೊಳಗೆ ಗಾಡಿ ಒಳಗಿರದಿದ್ದರೆ ಆ ಲೋಡು ಬ್ರೋಕರನ ಗಾಡಿಗೆ. ಸರದಿಯವನಿಗೆ ಜ್ವರ ಬಂದಿರಬಹುದು, ಅವನು ಮಗಳ ಸ್ಕೂಲಿಗೆ ಹೋಗಿರಬಹುದು. ಆಗ ಉಳಿದವರಲ್ಲಿ ಯಾರಾದರೂ ಆ ಕೀ ತೆಗೆದುಕೊಂಡು ಅವನ ಗಾಡಿಯನ್ನು ಗೇಟಿನೊಳಗೆ ನಿಲ್ಲಿಸಿ ಬರಬೇಕು. ದಪ್ಪನಿಗೆ ಬೆನ್ನು ಹಿಡಿದುಕೊಂಡಾಗ ಅಕ್ಕ ಹಾಗೆ ಮಾಡಿದ್ದಳು.

ನಾನೂ ಒಂದು ಕೀ ತಂದು ಹಾಕಿದೆ. ನನ್ನ ಹಳೆಯ ಮಾಲೀಕನ, ಗುಜರಿಗೆ ಹೋದ ಲಾರಿಯದು. ನೋಡಲು ತದ್ರೂಪ. ನನ್ನ ಗಾಡಿಯ ಡೂಪ್ಲಿಕೇಟ್ ಮನೆಯಲ್ಲಿ ಅಕ್ಕಿ ಡಬ್ಬದೊಳಗಿತ್ತು. ಕಂಡ ಕಂಡವರ ಕೈಗೆ ಗಾಡಿಯ ಕೀ ಕೊಟ್ಟು ನಿದ್ದೆ ಮಾಡಲು ನನಗೇನು ಹುಚ್ಚೇ?

"ತಾನು ಕಳ್ಳ, ಪರರ ನಂಬ," ಎಂದಳು ಹೆಂಡತಿ, ಅಕ್ಕಿ ಅಳೆಯುವಾಗ ಕೀ ಕೈಗೆ ಸಿಕ್ಕಿದಾಗ.

"ನಾನೇನು ಕದ್ದಿದೀನಿ?"

"ಅದನ್ನೇ ಯೋಚ್ನೆ ಮಾಡ್ತಿದೀನಿ," ಎಂದು ಕೀಯನ್ನು ಮತ್ತೆ ಅಕ್ಕಿಯೊಳಗೆ ಹೂತಳು.

ನನ್ನ ಅನುಮಾನ ಸುಳ್ಳಾಗಿರಲಿಲ್ಲ ಎಂಬುದಕ್ಕೆ ಲೆಕ್ಕವೇ ಸಾಕ್ಷಿ. ಕಳೆದ ಐದು ತಿಂಗಳಲ್ಲಿ ಗಾಜಿನ ಲೋಡು ಅಕ್ಕನಿಗೆ ನಾಲ್ಕು, ದಪ್ಪನಿಗೆ ನಾಲ್ಕು, ಮೇಷ್ಟ್ರಿಗೆ ಮೂರು. ನನಗೆ ಸೊನ್ನೆ. ನನ್ನ ಕೀ ಮೊದಲನೇ ಮೊಳೆಗೆ ಬಂದಾಗಲೆಲ್ಲ ಮೇಷ್ಟ್ರು ಫೋನಿನಲ್ಲಿ ಏನೋ ಗೊಣಗಿ, ತಲೆ ಕೆರೆದುಕೊಂಡು, "ಇವತ್ತು ಗಾಜಿಲ್ಲಪ್ಪ. ಸಿಮೆಂಟಿದೆ, ಹೋಗ್ತೀಯಾ?" ಎನ್ನುವರು. ಸಿಮೆಂಟು ಹೊತ್ತು ಬರುವಷ್ಟರಲ್ಲಿ ಕೀ ಕೊನೆಯ ಮೊಳೆಗೆ ಹೋಗಿರುತ್ತಿತ್ತು. ಮಾರನೇ ದಿನ ಗಾಜು ಪ್ರತ್ಯಕ್ಷ, ದಪ್ಪನಿಗೆ. ದೇವರು ಕೊಟ್ಟರೂ ಪೂಜಾರಿ ಕೊಡ.

ಇನ್ನೂ ಒಂದಿತ್ತು. ಪ್ರತಿ ಗುರುವಾರ ಬೆಳಿಗ್ಗೆ ಮೇಷ್ಟ್ರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಡುತ್ತಿದ್ದರು.

"ಎಲ್ಲಿಗೆ ಮೇಷ್ಟ್ರೇ?" ಎಂದರೆ, "ಹಲ್ಲು ನೋವು ಮಾರಾಯ, ಡಾಕ್ಟ್ರ ಹತ್ರ," ಎನ್ನುವರು.

ನಟ್ಟು ಬಿಗಿಯಾದರೆ ಹಲ್ಲಿನಲ್ಲೇ ಸಡಿಲಿಸುವ ಮನುಷ್ಯ! ಆ ಹಲ್ಲಿಗೆ ವಾರಕ್ಕೊಮ್ಮೆ ಡಾಕ್ಟರು! ಅವರು ಹಾಗೆಂದಾಗ ಅಕ್ಕ ಮತ್ತು ದಪ್ಪ ಒಬ್ಬರ ಮುಖ ಒಬ್ಬರು ನೋಡಿ ಕಣ್ಣು ತಪ್ಪಿಸುವುದನ್ನೂ ನಾನು ಗಮನಿಸಿದ್ದೆ. ಮೂವರೂ ಸೇರಿ ನನ್ನನ್ನು ಆಟ ಆಡಿಸುತ್ತಿದ್ದಾರೆ ಎಂದು ಮನಸ್ಸು ಕುದಿಯತೊಡಗಿತು.

ಆ ಗುರುವಾರ ನಾನು ಅವರ ಬೆನ್ನು ಹತ್ತಿದೆ. ಅವರು ಮುಂದಿನ ಬಾಗಿಲಿನಿಂದ ಬಸ್ಸು ಹತ್ತಿದರೆ ನಾನು ಹಿಂದಿನಿಂದ ಹತ್ತಿ, ಒಬ್ಬ ಎತ್ತರದ ಹೆಂಗಸಿನ ಮರೆಯಲ್ಲಿ ನಿಂತೆ. ಮೇಷ್ಟ್ರು ಇಳಿದದ್ದು ಗಾಜಿನ ಕಾರ್ಖಾನೆಯ ಮುಂದೆ. ನನಗೆ ಖುಷಿಯೇ ಆಯಿತು, ಸುಳ್ಳು ಹೇಳುವುದಿಲ್ಲ. ರಸ್ತೆಯಾಚೆ ಕಾಂಪೌಂಡಿನ ಹಿಂದೆ ಅಡಗಿದೆ. ಫೋನು ರಿಂಗಾಗಿ ಗುಟ್ಟು ರಟ್ಟಾಗಬಾರದೆಂದು ಸ್ವಿಚ್ ಆಫ್ ಮಾಡಿದೆ.

ಗೇಟಿನ ಬಳಿ ಕಾರ್ಖಾನೆಯ ಮ್ಯಾನೇಜರು. ಮೇಷ್ಟ್ರು ಕೈ ಕಟ್ಟಿ ನಿಂತು ಏನೋ ಹೇಳುತ್ತಿದ್ದರು, ಫೋನಿನಲ್ಲಿ ಏನನ್ನೋ ತೋರಿಸುತ್ತಿದ್ದರು. ಆತ ಆಗುವುದಿಲ್ಲವೆಂದು ತಲೆಯಾಡಿಸಿದ. ಇವರು ಬಿಡಲಿಲ್ಲ. ಕೊನೆಗೆ ಆತ ನಕ್ಕು, ಕೈಗಡಿಯಾರ ತೋರಿಸಿ, ಒಂದು ಬೆರಳೆತ್ತಿದ. ಮೇಷ್ಟ್ರು ಆತನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಒಂದು! ಒಬ್ಬರಿಗೇ ಎಲ್ಲ ಲೋಡು! ಸರದಿಗೆ ಸಮಾಧಿ ಕಟ್ಟಿ ಮೇಷ್ಟ್ರು ಒಬ್ಬರೇ ಒಪ್ಪಂದ ಮಾಡಿಕೊಂಡರು ಎಂದು ನನಗೆ ಖಾತ್ರಿಯಾಯಿತು. ಆಮೇಲೆ ಅವರು ಯಾರಿಗೋ ಮೇಲಿಂದ ಮೇಲೆ ಫೋನು ಮಾಡತೊಡಗಿದರು. ಯಾರಿಗೆಂದು ಕೇಳಲು ನಾನು ನಿಲ್ಲಲಿಲ್ಲ. ಅವರಿಗಿಂತ ಮೊದಲು ಶೆಡ್ಡಿಗೆ ಮುಟ್ಟಿ ಬಣ್ಣ ಬಯಲು ಮಾಡಬೇಕಿತ್ತು. ಸಿಕ್ಕಿದ ಬಸ್ಸು ಹತ್ತಿದೆ.

ಶೆಡ್ಡು ತಲುಪಿದಾಗ ಹತ್ತೂ ಇಪ್ಪತ್ತು. ನೋಡಿದರೆ ನನ್ನ ಗಾಡಿಯ ಬಾಗಿಲು ತೆರೆದಿದೆ. ಅದರ ಲಾಕು ಕೆಟ್ಟು ಎರಡು ವರ್ಷ, ಕೆಳಗೊಂದು ಗುದ್ದು ಕೊಟ್ಟರೆ ಸಾಕು. ನನ್ನ ಸೀಟಿನಲ್ಲಿ ಅಕ್ಕ. ದಪ್ಪ ಬಾನೆಟ್ ಎತ್ತಿ ಒಳಗೆ ಕೈ ಹಾಕಿದ್ದಾನೆ.

"ಕಳ್ರು! ಇಳೀರಿ ಕೆಳಗೆ! ಹಾಡಹಗಲೇ!" ಎಂದು ಕೂಗಿಕೊಂಡೆ. ಪಂಕ್ಚರ್ ಅಂಗಡಿಯವನು ಟ್ಯೂಬು ಹಿಡಿದುಕೊಂಡೇ ಓಡಿ ಬಂದ.

"ಅಯ್ಯೋ, ಬಂದ್ಯಾ! ಎಲ್ಲಿ ಹಾಳಾಗ್ಹೋಗಿದ್ದೆ? ಫೋನ್ ಯಾಕೆ ಆಫು?" ಎಂದಳು ಅಕ್ಕ. "ಕೀ ಕೊಡು, ಬೇಗ. ನಿನಗೆ ಗಾಜಿನ ಲೋಡು ಬಂದಿದೆ. ಹನ್ನೊಂದರೊಳಗೆ ಗಾಡಿ ಒಳಗಿರ್ಬೇಕು."

"ಐದು ತಿಂಗಳು ಬರದ ಲೋಡು ಇವತ್ತು ಬಂತಾ? ಯಾರ ಕಿವಿಗೆ ಹೂವು ಇಡ್ತೀರಿ? ನಾನು ಅಲ್ಲಿಂದ್ಲೇ ಬರ್ತಿದೀನಿ. ಮೇಷ್ಟ್ರು ಕೈ ಕುಲುಕಿದ್ದನ್ನ ಕಣ್ಣಾರೆ ನೋಡ್ದೆ!"

"ಅಣ್ಣ, ಟೈಮಿಲ್ಲ," ಎಂದ ದಪ್ಪ. "ಇಪ್ಪತ್ತು ನಿಮಿಷದ ದಾರಿ. ಮೊದ್ಲು ಗಾಡಿ ತೆಗಿ, ಆಮೇಲೆ ಬೇಕಾದ್ರೆ ಹೊಡಿ."

"ತೆಗೆಯಲ್ಲ. ಮೊದ್ಲು ಹೇಳಿ. ನನಗೆ ಯಾಕೆ ಇಷ್ಟು ದಿನ ಕೊಡ್ಲಿಲ್ಲ?"

ಅಸಲಿ ಕೀ ನನ್ನ ಜೇಬಿನಲ್ಲೇ ಇತ್ತು. ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡೇ ಒಬ್ಬೊಬ್ಬರ ಜಾತಕ ಬಿಚ್ಚಿದೆ. ಯಾವ ದಿನ ಯಾರಿಗೆ ಯಾವ ಲೋಡು ಹೋಯಿತೆಂದು ತಾರೀಖಿನ ಸಮೇತ ಹೇಳಿದೆ. ಅಕ್ಕ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಹತ್ತೂವರೆ ಆಯಿತು. ಕಡೆಗೆ ಅವಳಿಗೆ ತಡೆಯಲಾಗಲಿಲ್ಲ.

"ನಿನ್ನ ಗಾಡಿ ಹಳೇದು ಅಂತ ಕಣೋ! ಹತ್ತು ವರ್ಷ ದಾಟಿದ ಗಾಡೀನ ಆ ಕಾರ್ಖಾನೆಯೋರು ಐದು ತಿಂಗಳಿಂದ ಒಳಗೆ ಬಿಡ್ತಿಲ್ಲ. ನಿಂದು ಹನ್ನೆರಡು. ಮೇಷ್ಟ್ರು ಪ್ರತಿ ವಾರ ಹೋಗಿ ಕಾಲು ಹಿಡೀತಿದ್ರು. ಇವತ್ತು ಆ ಮ್ಯಾನೇಜರು ಒಂದು ಲೋಡು ಕೊಟ್ಟು ನೋಡ್ತೀನಿ ಅಂದಿದಾನೆ. ಸರಿ ಹೋದ್ರೆ ಕಾಯಂ."

ಆಗಲಾದರೂ ನಾನು ಓಡಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದೇನು?

"ಯಾರೋ ಅವ್ನು ನನ್ನ ಗಾಡೀನ ಹಳೇದು ಅನ್ನೋನು?"

ದಪ್ಪ ತಲೆ ಮೇಲೆ ಕೈ ಹೊತ್ತು ಟೈರಿನ ಮೇಲೆ ಕೂತುಬಿಟ್ಟ. ಹಿಂದೊಮ್ಮೆ ಅವನು ನನ್ನ ಗಾಡಿ ನೋಡಿ "ಇದಕ್ಕೆ ಪೆನ್ಶನ್ ಕೊಡಿಸಣ್ಣ" ಎಂದು ತಮಾಷೆ ಮಾಡಿದ್ದಕ್ಕೆ ಮೂರು ವಾರ ಅವನ ಜೊತೆ ಮಾತು ಬಿಟ್ಟಿದ್ದೆ. ಅದಕ್ಕೇ ಅವರು ನನ್ನಿಂದ ಇದನ್ನು ಮುಚ್ಚಿಟ್ಟಿದ್ದರು.

ಗಾಡಿಯ ವಯಸ್ಸಿನ ಬಗ್ಗೆ ಕೂಗಾಡಿ ಮುಗಿಸಿ ನಾನು ಅದರ ಕಡೆ ತಿರುಗುವ ಹೊತ್ತಿಗೆ ಹನ್ನೊಂದಕ್ಕೆ ಎರಡೇ ನಿಮಿಷ. ಅಕ್ಕ ಇಳಿದು ಬಂದಳು. ಅವಳ ಕೈಯಲ್ಲಿ ಮೊಳೆಯ ಕೀ ಇತ್ತು.

"ಮೇಷ್ಟ್ರು ಒಂಬತ್ತೂವರೆಗೇ ಫೋನ್ ಮಾಡಿದ್ರು. ಆವಾಗ್ಲಿಂದ ತಿರುಗಿಸ್ತಿದೀನಿ. ಇಗ್ನಿಶನ್ ಕೆಟ್ಟಿದೆ ಅಂತ ದಪ್ಪ ವೈರೆಲ್ಲ ನೋಡ್ದ," ಎಂದಳು. ಕೀಯನ್ನು ನನ್ನ ಮುಖಕ್ಕೆ ಹಿಡಿದಳು. "ಇದ್ಯಾವ ಗಾಡೀದು?"

ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳ ನಾನೇ ಆಗಿದ್ದೆ.

ಅಕ್ಕನ ಫೋನು ರಿಂಗಾಯಿತು. ಅವಳು ಬೇಕೆಂದೇ ಸ್ಪೀಕರಿಗೆ ಹಾಕಿದಳು.

"ಗೇಟು ಮುಚ್ಚಿದ್ರು ಕಣಮ್ಮ," ಎಂದರು ಮೇಷ್ಟ್ರು. "ಮ್ಯಾನೇಜರು ಬೈದ. ಹೋಗ್ಲಿ ಬಿಡು. ಅವ್ನು ಸಿಕ್ಕಿದ್ನಾ? ಹುಷಾರಾಗಿದಾನೆ ತಾನೇ? ಫೋನು ಆಫಾಗಿತ್ತಲ್ಲ, ನನಗೆ ಅದೇ ಯೋಚ್ನೆ. ಲೋಡಿನ ವಿಷ್ಯ ಅವನಿಗೆ ಹೇಳ್ಬೇಡ, ಪಾಪ, ನೊಂದ್ಕೋತಾನೆ."

ಅಕ್ಕ ಫೋನು ಕಟ್ ಮಾಡಿ, ಗುಜರಿ ಗಾಡಿಯ ಕೀಯನ್ನು ನನ್ನ ಅಂಗೈಯಲ್ಲಿಟ್ಟು ಹೋದಳು.

ಮಾರನೇ ದಿನ ಅಕ್ಕಿ ಡಬ್ಬದಿಂದ ಡೂಪ್ಲಿಕೇಟ್ ತೆಗೆದುಕೊಂಡು ಹೋಗಿ ಮೇಷ್ಟ್ರ ಮುಂದೆ ಹಿಡಿದೆ. ಎಲ್ಲ ಹೇಳಿದೆ, ಅವರ ಬೆನ್ನು ಹತ್ತಿದ್ದನ್ನೂ ಬಿಡಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೈದಿದ್ದರೆ ಸರಿಹೋಗುತ್ತಿತ್ತು. ಬೈಯಲಿಲ್ಲ. ಕೀ ತೆಗೆದುಕೊಂಡು ನೇರ ನನ್ನ ಗಾಡಿ ಹತ್ತಿ, ತಿರುಗಿಸಿ, ಎಂಜಿನ್ ಶುರುವಾದದ್ದನ್ನು ಕೇಳಿ, ಆಫ್ ಮಾಡಿ ಇಳಿದರು. ಆಮೇಲೆ ಅದನ್ನು ಕೊನೆಯ ಮೊಳೆಗೆ ಹಾಕಿದರು. ಒಂದು ವರ್ಷದಲ್ಲಿ ಆ ಹಲಗೆಯ ಯಾವ ಕೀಯನ್ನೂ ಯಾರೂ ಪರೀಕ್ಷೆ ಮಾಡಿರಲಿಲ್ಲ. ನನ್ನದೇ ಮೊದಲು.

ಮುಂದಿನ ಗುರುವಾರ ಮೇಷ್ಟ್ರು ಇಸ್ತ್ರಿ ಶರ್ಟಿನಲ್ಲಿ ಬಂದರು.

"ಎಲ್ಲಿಗೆ ಮೇಷ್ಟ್ರೇ?" ಎಂದ ದಪ್ಪ.

"ಹಲ್ಲು ನೋವು ಮಾರಾಯ," ಎಂದು ಅವರು ನನ್ನ ಕಡೆ ನೋಡದೆ ಬಸ್‌ಸ್ಟಾಪಿನ ಕಡೆ ನಡೆದರು.

ನಾನು ಫೋನು ತೆಗೆದು, ಆನ್ ಇದೆಯೇ ಎಂದು ಎರಡು ಸಲ ನೋಡಿ, ನನ್ನ ಗಾಡಿ ಹತ್ತಿ ಕೂತೆ. ಕರೆ ಬಂದ ಕ್ಷಣ ಹೊರಡಲು ಕೀ ತಿರುಗಿಸಿಯೇ ಇಟ್ಟಿದ್ದೆ. ಹನ್ನೊಂದಾದರೂ ಫೋನು ರಿಂಗಾಗಲಿಲ್ಲ. ಅವರು ವಾಪಸ್ ಬರುವುದು ಕಾಣುವವರೆಗೂ ಇಳಿಯಲಿಲ್ಲ.