ಕಾರು ಬೆವರಿದ ಬೆಳಿಗ್ಗೆ

ತೊಂಬತ್ತಾರರ ಜನವರಿ. ದೊಡ್ಡ ಹಿಮ ಬಿದ್ದು ವಾರವಾಗಿತ್ತು. ಕಡಲಾಚೆಯ ಶ್ಯಾಂಟಿಲಿ ಊರಿನ ಒಂದು ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ಬೆಳಗಾದರೆ ಸಾಕು, ಕೆರ್‌ಕೆರ್ ಎಂದು ಗಾಜು ಕೆರೆಯುವ ಸದ್ದು. ಎಲ್ಲರೂ ಹೊರಗೆ ನಿಂತು ಐಸು ಕೆರೆಯುತ್ತಿದ್ದರೆ ಯಾಮಿನಿಯ ಗಂಡ ಪ್ರತಾಪ್ ಕಾರಿನ ಒಳಗೆ ಕೂತು ಕೆರೆಯುತ್ತಿದ್ದ. ಒಳಗೂ ಐಸು! ಇದೆಂಥ ಗ್ರಹಚಾರ ಹೇಳಿ.

ಆವತ್ತು ಗಂಟೆ ದಾರಿಯ ಎಲಿಕಾಟ್ ಸಿಟಿಯಲ್ಲಿ ಕನ್ನಡದವರ ಸಂಕ್ರಾಂತಿ ಊಟ. ಯಾಮಿನಿ ಒಲೆಯಿಂದ ಆಗತಾನೆ ಇಳಿಸಿದ ಬಿಸಿಬೇಳೆಬಾತಿನ ಡಬರಿಯನ್ನು ಹಿಂದಿನ ಸೀಟಿನ ಮುಂದೆ ನೆಲದ ಮೇಲಿಟ್ಟು, ಮೇಲೆ ತಟ್ಟೆಯನ್ನು ಓರೆಯಾಗಿ ಮುಚ್ಚಿದಳು. ಆ ಬದಿಗೆ ಬಾರದಂತೆ ಮಗಳು ಅಕ್ಷಯಾಳನ್ನು ಇನ್ನೊಂದು ಕಿಟಕಿಯ ಹತ್ತಿರ ಕೂರಿಸಿದಳು.

“ಸರಿಯಾಗಿ ಮುಚ್ಚೇ,” ಎಂದ ಪ್ರತಾಪ್.

“ಬಿಸಿದು ಗಟ್ಟಿಯಾಗಿ ಮುಚ್ಚಿದ್ರೆ ಬೆವರಿ ನೀರು ಬಿಡುತ್ತೆ ರೀ. ನಮ್ಮಮ್ಮ ಯಾವತ್ತೂ ಹೀಗೇ ಮುಚ್ಚೋದು.”

ಪ್ರತಾಪ್ ಕ್ಯಾಸೆಟ್ ಡಬ್ಬಿಯಿಂದ ಗಾಜಿನಲ್ಲಿ ರೊಟ್ಟಿಯಗಲ ಕಿಂಡಿ ಕೆರೆದ. ಹೀಟರ್ ಹಾಕಿ, ಕಾರೊಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿದ. “ಹೊರಗಿನ ಥಂಡಿ ಒಳಗ್ಯಾಕೆ? ಇಷ್ಟು ಕಂಡ್ರೆ ಸಾಕು, ಹೋಗ್ತಾ ಹೋಗ್ತಾ ಕ್ಲಿಯರ್ ಆಗುತ್ತೆ.”

ಎಲ್ಲಿಯ ಕ್ಲಿಯರ್! ಲಾಟಿನ ಗೇಟು ತಲುಪುವುದರೊಳಗೆ ಆ ಕಿಂಡಿಯೂ ಮುಚ್ಚಿಹೋಯಿತು. ಎದುರಿಗೆ ಬರೀ ಬಿಳಿ. ಪ್ರತಾಪ್ ಒಂದು ಕೈಯಲ್ಲಿ ಗಾಜು ಒರೆಸುತ್ತ, ಇನ್ನೊಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸಿದ. ಯಾಮಿನಿ ಮುಂದಕ್ಕೆ ಬಾಗಿ ನೋಡಿದಳು. “ನಿಲ್ಲಿಸ್ರೀ, ನಂಗೇನೂ ಕಾಣಿಸ್ತಿಲ್ಲ,” ಎಂದಳು.

ಹಿಂದೆ ಅಕ್ಷಯಾ ತನ್ನ ಕಿಟಕಿಯನ್ನು ತೋಳಿನಿಂದ ಉಜ್ಜಿ ಹೊರಗೆ ನೋಡುತ್ತಿದ್ದಳು. “ಡ್ಯಾಡಿ, ಸ್ಟಾಪ್! ಮುನೀಬಾ ಬರ್ತಿದಾಳೆ!”

ಪ್ರತಾಪ್ ಬ್ರೇಕ್ ತುಳಿದ. ಕಾರು ನಿಲ್ಲದೆ ಜಾರಿತು. ಧಡ್! ಬಾನೆಟ್ ಮೇಲೆ ಏನೋ ಬಡಿದ ಸದ್ದು. ಕಾರು ನಿಂತಿತು.

ಅಯ್ಯೋ ದೇವರೇ, ಎದುರು ಮನೆಯ ಮಗು! ಯಾಮಿನಿಗೆ ಬಾಗಿಲು ತೆಗೆಯಲು ಕೈ ಬರಲಿಲ್ಲ. ಹೊರಗಿಳಿದರೆ ಕಣ್ಣಿಗೆ ಏನು ಬೀಳುವುದೋ ಎಂಬ ಭಯ. ಕೊನೆಗೆ ಇಳಿದಳು. ಮುಂದಿನ ಚಕ್ರದ ಹತ್ತಿರ ಹಿಮದ ಮೇಲೆ ಒಂದು ಪುಟ್ಟ ಗುಲಾಬಿ ಕೈಗವಸು ಬಿದ್ದಿತ್ತು.

ಪುಣ್ಯಕ್ಕೆ, ಮುನೀಬಾ ಅಮ್ಮನ ಕೋಟು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಕೈಯಿಂದ ಬಾನೆಟ್ ಬಡಿದವಳು ಅವಳಮ್ಮ, ಎದುರು ಮನೆಯ ಮೈಸೂರಿನ ಶಾಕಿರಾ. ಮಗಳನ್ನು ಹಿಂದಕ್ಕೆಳೆದ ರಭಸಕ್ಕೆ ಕೈಗವಸು ಕಳಚಿ ಬಿದ್ದಿತ್ತು.

“ಸದ್ಯ! ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು,” ಎಂದ ಪ್ರತಾಪ್, ಬಾಗಿಲು ತೆರೆದು ಸೀಟಿನಿಂದಲೇ, ಬೆಳ್ಳಗೆ ಬಿಳಿಚಿಕೊಂಡು.

“ದೊಣ್ಣೆ ಬೀಸಿದ್ದು ನನ್ನ ಮಗಳ ಮೇಲೆ, ಪ್ರತಾಪ್ ಅವ್ರೇ,” ಎಂದಳು ಶಾಕಿರಾ. ಕಾರಿನೊಳಗೆ ತಲೆ ಹಾಕಿ ನೋಡಿದಳು. ಓರೆಯಾಗಿ ಮುಚ್ಚಿದ ಡಬರಿಯಿಂದ ಹಬೆ ಏಳುತ್ತಿತ್ತು, ಕಾಲ್ಕೆಳಗಿನ ಮ್ಯಾಟುಗಳು ತೊಯ್ದು ತೊಪ್ಪೆಯಾಗಿದ್ದವು. “ಅಲ್ಲ ಯಾಮಿನಿ, ಬಾತು ಬೆವರಬಾರ್ದು ಅಂತ ಕಾರನ್ನೇ ಬೆವರಿಸಿದ್ದೀಯಲ್ಲೇ! ಈ ಹಬೆ, ನಿಮ್ಮ ಉಸಿರು, ಬೂಟಿನ ಹಿಮ ಕರಗಿದ ನೀರು, ಇದೆಲ್ಲ ಹೋಗಿ ಕೂರೋದು ತಣ್ಣಗಿರೋ ಗಾಜಿನ ಮೇಲೇನೇ. ರಾತ್ರಿ ಅದೇ ಐಸಾಗೋದು.”

ಅವಳೇ ಡಬರಿಗೆ ತಟ್ಟೆ ಅದುಮಿ ಮುಚ್ಚಿ, ಟವೆಲ್ ಸುತ್ತಿ ಕಟ್ಟಿದಳು. ಬಿಸಿಗಾಳಿಯನ್ನು ಎದುರು ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಬರುವಂತೆ ಬಟನ್ ಬದಲಿಸಿ, ಕಿಟಕಿಯನ್ನು ಬೆರಳಷ್ಟು ಇಳಿಸಿದಳು. “ಈಗ ಎಸಿನೂ ಹಾಕಿ.”

“ಈ ಚಳೀಲಿ ಎಸಿನಾ? ತಮಾಷೆ ಮಾಡ್ತಿದ್ದೀರಾ?”

“ಹೀಟರ್ ಜೊತೆಗೇ ಹಾಕಿ. ಎಸಿ ಗಾಳೀಲಿರೋ ನೀರು ತೆಗೆಯುತ್ತೆ. ಹೊರಗಿನ ಗಾಳಿ ಥಂಡಿ ಹೌದು, ಆದ್ರೆ ಒಣಗಾಳಿ.”

ಪ್ರತಾಪ್ ನಂಬಲಿಲ್ಲ. ಆದರೂ ಹಾಕಿದ. ನೋಡುನೋಡುತ್ತಿದ್ದಂತೆ ಗಾಜು ಕೆಳಗಿನಿಂದ ತಿಳಿಯಾಗುತ್ತ ಬಂತು. ಮೊದಲು ಕಂಡದ್ದು ಗುಲಾಬಿ ಕೈಗವಸು ಹಾಕಿಕೊಳ್ಳುತ್ತ ನಿಂತಿದ್ದ ಮುನೀಬಾ. ಇಷ್ಟು ಹೊತ್ತು ಆ ಮಗು ಇದ್ದದ್ದು ಅಲ್ಲೇ, ಅವನಿಗೆ ಕಾಣದೆ. ಪ್ರತಾಪ್ ಸ್ಟೀರಿಂಗ್‌ಗೆ ಹಣೆ ಹಚ್ಚಿ ಅತ್ತುಬಿಟ್ಟ.

ಊಟದ ಮನೆಯಲ್ಲಿ ಯಾರೋ “ಬಾತು ಸ್ವಲ್ಪ ನೀರಾಗಿದೆ ಅಲ್ವಾ?” ಎಂದರು. “ಆಗ್ಲಿ ಬಿಡಿ,” ಎಂದಳು ಯಾಮಿನಿ.

ಅಣ್ಣಂದಿರೇ, ಅಕ್ಕಂದಿರೇ, ಕಾರು ಹತ್ತುವ ಮುನ್ನ ಬೂಟಿನ ಹಿಮ ಕೊಡವಿ. ಒದ್ದೆ ಮ್ಯಾಟು, ಒದ್ದೆ ಜಾಕೆಟ್ಟು ಮನೆಯೊಳಗೆ ತಂದು ಒಣಗಿಸಿ. ಬಿಸಿ ಅಡುಗೆ ಗಟ್ಟಿಯಾಗಿ ಮುಚ್ಚಿ. ಕಾರು ನಿಲ್ಲಿಸಿದ ಮೇಲೆ ಒಂದು ಗಳಿಗೆ ಬಾಗಿಲು ತೆರೆದಿಟ್ಟು ಒಳಗಿನ ಹಸಿ ಗಾಳಿಯನ್ನು ಹೊರಗೆ ಬಿಡಿ. ಗಾಜಿನ ಒಳಮೈಯನ್ನು ಆಗಾಗ ಒರೆಸಿ, ಜಿಡ್ಡಿದ್ದರೆ ಮಂಜು ಬೇಗ ಹಿಡಿಯುತ್ತದೆ. ಬಿಸಿನೀರು ಮಾತ್ರ ಸುರಿಯಬೇಡಿ, ಗಾಜು ಬಿರಿಯುತ್ತದೆ. ತಡವಾದರೆ ಆಗಲಿ, ಊಟ ಆರಿದರೆ ಆರಲಿ. ಗಾಜು ಪೂರ್ತಿ ತಿಳಿಯಾಗದೆ ಗೇರು ಮುಟ್ಟಬೇಡಿ. ಆ ಬಿಳಿಯ ಆಚೆ ಯಾರ ಮಗು ನಿಂತಿದೆಯೋ ನಿಮಗೆ ಗೊತ್ತಿಲ್ಲ.